ಐನ್ಯಾಚುರಲಿಸ್ಟ್ ರಿವ್ಯೂ: ಗೊತ್ತಿಲ್ಲದ ಕಡೆ ಸುಮ್ಮನೆ ನಿಲ್ಲೋ ಆ್ಯಪ್

ಗಿಡ, ಹುಳ, ಹಕ್ಕಿ ಫೋಟೋ ಹೊಡೆದ್ರೆ ಹೆಸರು ಹೇಳೋ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಹೆಚ್ಚಿನವು ಮಾಡೋದು ಒಂದೇ ಕೆಲಸ, ಫೋಟೋ ಬಿತ್ತೋ ಇಲ್ವೋ ಒಂದು ಹೆಸರು, ಪಕ್ಕದಲ್ಲಿ ತೊಂಬತ್ತು ಚಿಲ್ಲರೆ ಪರ್ಸೆಂಟ್ ಗ್ಯಾರಂಟಿ ಅಂತ ನಂಬರು, ಅದರ ಕೆಳಗೆ ಸಬ್‌ಸ್ಕ್ರಿಪ್ಷನ್ ತಗೊಳ್ಳಿ ಅಂತ ದೊಡ್ಡ ಬಟನ್ನು. ಐನ್ಯಾಚುರಲಿಸ್ಟ್ ಆ ಸಾಲಿಗೆ ಸೇರಲ್ಲ. ಹೆಸರು ಮಾತ್ರ ಬೇಕು ಅನ್ನೋರಿಗೆ ಇದು ಸ್ವಲ್ಪ ಬೋರ್ ಹೊಡೆಸುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಎಷ್ಟೋ ಸಲ ಇದು "ಈ ಫ್ಯಾಮಿಲಿ (ಹತ್ತಿರದ ಜೀವಿಗಳ ಗುಂಪು) ಅನ್ನೋದು ಹೆಚ್ಚುಕಮ್ಮಿ ಗ್ಯಾರಂಟಿ" ಅಂತ ಹೇಳಿ ಅಲ್ಲಿಗೇ ನಿಂತುಬಿಡುತ್ತೆ. ನಂಗೆ ಇದು ಇಷ್ಟ ಆಗಿದ್ದೇ ಆ ನಿಲ್ಲೋ ಬುದ್ಧಿಗೆ.

ಹಿನ್ನೆಲೆ ಚಿಕ್ಕದಾಗಿ. 2008ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯ ಮೂರು ಜನ ಸ್ಟೂಡೆಂಟ್ಸ್ ಮಾಸ್ಟರ್ಸ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು, ಆಮೇಲೆ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಮತ್ತು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಆಸರೆಯಲ್ಲಿ ಇತ್ತು, 2023ರಿಂದ ಸ್ವತಂತ್ರ ನಾನ್‌ಪ್ರಾಫಿಟ್. ಬಳಸೋಕೆ ದುಡ್ಡು ಕೊಡ್ಬೇಕಿಲ್ಲ, ಜಾಹೀರಾತಿಲ್ಲ. ಇವತ್ತಿಗೆ 20 ಕೋಟಿಗೂ ಹೆಚ್ಚು ಅಬ್ಸರ್ವೇಶನ್, ಅಂದ್ರೆ ಜನ ನೋಡಿ ಹಾಕಿದ ದಾಖಲೆ, ಅದರಲ್ಲಿದೆ.

ಬಳಸೋದು ಸುಲಭ. ಫೋಟೋ ಅಥವಾ ಸೌಂಡ್ ರೆಕಾರ್ಡಿಂಗ್ ಹಾಕೋದು, ತಾರೀಖು ಮತ್ತು ಜಾಗ ಫೋಟೋದಿಂದಲೇ ತಗೊಳ್ಳುತ್ತೆ, ಆಮೇಲೆ ಕಂಪ್ಯೂಟರ್ ಒಂದಿಷ್ಟು ಸಲಹೆ ಕೊಡುತ್ತೆ, ಅದರಲ್ಲಿ ಒಂದನ್ನ ಆರಿಸಬಹುದು ಇಲ್ಲಾ ಬರೀ "ಕೀಟ" ಅಂತ ಹಾಕಿ ಬಿಟ್ಟುಬಿಡಬಹುದು. ಮಿಕ್ಕಿದ್ದನ್ನ ಜನ ನೋಡ್ಕೋತಾರೆ. ಈ ಜನ ಇದಾರಲ್ಲ, ಇವರೇ ಆ್ಯಪ್‌ನ ನಿಜವಾದ ಎಂಜಿನ್ನು. ಜೇಡ ಮಾತ್ರ ನೋಡೋರು, ಪಾಚಿ ಮಾತ್ರ ನೋಡೋರು, ಒಂದೇ ಒಂದು ಜಾತಿ ನೊಣದ ರೆಕ್ಕೆ ನರ ನೋಡ್ಕೊಂಡು ಖುಷಿಯಾಗಿರೋರು, ಎಲ್ಲಾ ಥರದವರೂ ಇದಾರೆ.

ಒಂದು ಉದಾಹರಣೆ ಹೇಳ್ತೀನಿ. ಎಲೆಗಳನ್ನ ಸೇರಿಸಿ ಗೂಡು ಹೆಣೆಯೋ ಕೆಂಪಿರುವೆ ಗೊತ್ತಲ್ಲ, ಚಗಳಿ, ಅದರ ಸಾಲಿನಿಂದ ಸ್ವಲ್ಪ ದೂರದಲ್ಲಿ ಒಂದು ಒಂಟಿಯಾಗಿ ಓಡಾಡ್ತಾ ಇತ್ತು. ಬಣ್ಣ ಅದೇ, ನಡು ಅಷ್ಟೇ ಸಣ್ಣ, ಮುಂದೆ ಎರಡು ಮೀಸೆ ಅಲ್ಲಾಡ್ತಾ ಇದೆ. ಫೋಟೋ ಹೊಡೆದು ಜೂಮ್ ಮಾಡಿದ್ರೆ ಆ ಮೀಸೆ ಮೀಸೆ ಅಲ್ಲ, ಎತ್ತಿ ಹಿಡಿದಿರೋ ಮುಂದಿನ ಜೋಡಿ ಕಾಲು! ಎಣಿಸಿದ್ರೆ ಕಾಲು ಎಂಟು, ಮುಖದಲ್ಲಿ ಟಾರ್ಚ್ ಥರ ಎರಡು ದೊಡ್ಡ ಕಣ್ಣು. ಆ್ಯಪ್‌ಗೆ ಹಾಕಿದಾಗ ಅದು ಸಾಲ್ಟಿಸಿಡೇ ಫ್ಯಾಮಿಲಿ, ಅಂದ್ರೆ ಹಾರೋ ಜೇಡಗಳ ಫ್ಯಾಮಿಲಿ ಅಂತ ಹೇಳಿ, ಅದರ ಕೆಳಗೆ ನಾಕೈದು ಹೆಸರು ಸಾಧ್ಯತೆ ಅಂತ ತೋರಿಸ್ತು. ನಾನು ಫ್ಯಾಮಿಲಿಗೇ ನಿಲ್ಲಿಸಿ ಕಳಿಸಿದೆ. ಆಮೇಲೆ ಜೇಡ ನೋಡೋರೊಬ್ಬರು ಬಂದು ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಅಂತ ಹಾಕಿದ್ರು, ಗಂಡು ಅಂತಾನೂ ಬರೆದ್ರು. ಹೆಂಗೆ ಗೊತ್ತಾಯ್ತು ಅಂದ್ರೆ ದವಡೆಯಿಂದ. ಗಂಡಿಗೆ ದವಡೆ ಮುಂದಕ್ಕೆ ಉದ್ದ ಚಾಚಿರುತ್ತೆ, ದೂರದಿಂದ ನೋಡಿದ್ರೆ ಒಂದು ಇರುವೆ ಇನ್ನೊಂದು ಇರುವೆನ ಬಾಯಲ್ಲಿ ಕಚ್ಕೊಂಡು ಹೋಗ್ತಿದೆ ಅನ್ಸುತ್ತೆ. ಬರೀ ಹೆಸರು ಸಿಕ್ಕಿದ್ರೆ ಇದಿಷ್ಟು ಯಾರು ಹೇಳ್ತಿದ್ರು ಹೇಳಿ.

ಅಲ್ಲಿಂದ ಹೆಸರಿನ ಮೇಲೆ ಒತ್ತಿದ್ರೆ ಆ ಜೀವಿಯ ಪೇಜು, ಅದರಲ್ಲಿ ಟ್ಯಾಕ್ಸಾನಮಿ (ವರ್ಗೀಕರಣ) ಅನ್ನೋ ಟ್ಯಾಬು. ಇದೇ ನನ್ನ ಫೇವರಿಟ್ ಜಾಗ, ಇಲ್ಲಿ ಹೊಕ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಸ್ಕೂಲಲ್ಲಿ ಕಿಂಗ್‌ಡಮ್ ಫೈಲಮ್ ಕ್ಲಾಸ್ ಆರ್ಡರ್ ಫ್ಯಾಮಿಲಿ ಜೀನಸ್ ಸ್ಪೀಶೀಸ್ ಅಂತ ಬಾಯಿಪಾಠ ಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆತಿದ್ದು ಇಲ್ಲಿ ಮೇಲಕ್ಕೆ ಕೆಳಕ್ಕೆ ಓಡಾಡೋ ಮೆಟ್ಟಿಲಾಗುತ್ತೆ. ಗೆದ್ದಲಿನ ಪೇಜಿಂದ ಒಂದೆರಡು ಮೆಟ್ಟಿಲು ಮೇಲೆ ಹತ್ತಿ ನೋಡಿ, ಇರುವೆ ಸಿಗಲ್ಲ, ಜಿರಲೆ ಸಿಗುತ್ತೆ. ಮೊದಲು ಗೆದ್ದಲಿಗೆ ಐಸಾಪ್ಟೆರಾ ಅಂತ ಸ್ವಂತ ಆರ್ಡರ್ ಇತ್ತು, ಡಿಎನ್ಎ ನೋಡಿದ ಮೇಲೆ ಜಿರಲೆಗಳ ಆರ್ಡರ್ ಒಳಗೇ ತಂದು ಕೂರಿಸಿದ್ರು. ತಿಮಿಂಗಿಲದಿಂದ ಹತ್ತಿದ್ರೆ ಗೊರಸಿರೋ ಪ್ರಾಣಿಗಳ ಗುಂಪಿಗೆ ಹೋಗಿ ನಿಲ್ತೀರ, ಬದುಕಿರೋ ಪ್ರಾಣಿಗಳಲ್ಲಿ ಅದಕ್ಕೆ ತೀರಾ ಹತ್ತಿರದ ನೆಂಟ ನೀರಾನೆ. ಅಣಬೆಗೆ ಬೇರೆಯದೇ ಕಿಂಗ್‌ಡಮ್, ಅದು ಗಿಡಕ್ಕಿಂತ ನಮಗೇ ಹತ್ತಿರ. ಕಲ್ಲಿನ ಮೇಲೆ ಬೂದು ಬಣ್ಣಕ್ಕೆ ಅಂಟ್ಕೊಂಡಿರೋ ಕಲ್ಲುಹೂವು ಇನ್ನೂ ಮಜಾ, ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಸಂಸಾರ ಮಾಡ್ತಿರೋದು ಅದು, ಆದ್ರೆ ಹೆಸರು ಮಾತ್ರ ಶಿಲೀಂಧ್ರದ ಹೆಸರಲ್ಲೇ ನೋಂದಣಿ.

ಈ ವರ್ಗೀಕರಣದ ವಂಶವೃಕ್ಷ ಎಲ್ಲಾ ಕಡೆನೂ ಲೇಟೆಸ್ಟ್ ವಿಜ್ಞಾನದ ಪ್ರಕಾರ ಇದೆ ಅಂತ ಅಂದ್ಕೋಬೇಡಿ. ಹಕ್ಕಿಗಳು ಡೈನೋಸಾರ್ ಸಂತತಿ, ಲೆಕ್ಕಕ್ಕೆ ತಗೊಂಡ್ರೆ ಸರೀಸೃಪಗಳ ಕೊಂಬೆಯ ಒಳಗೇ ಬರಬೇಕು, ಮೊಸಳೆಗೆ ಹಲ್ಲಿಗಿಂತ ಹಕ್ಕಿನೇ ಹತ್ತಿರದ ಸಂಬಂಧ. ಆದ್ರೆ ಇಲ್ಲಿ ಹಕ್ಕಿ ಒಂದು ಕ್ಲಾಸು, ಸರೀಸೃಪ ಇನ್ನೊಂದು ಕ್ಲಾಸು, ಹಳೇ ಪದ್ಧತಿ. ಅದಕ್ಕೂ ಕಾರಣ ಇದೆ, ಹಾವು ಹಲ್ಲಿ ಹುಡುಕೋಕೆ ಬಂದೋರಿಗೆ ಕಾಗೆ ಗುಬ್ಬಿ ಎಲ್ಲಾ ತೋರಿಸಿದ್ರೆ ಕೆಲಸ ಆಗಲ್ಲ. ವರ್ಗೀಕರಣ ಅನ್ನೋದು ನೆಂಟಸ್ತಿಕೆ ಹೇಳೋಕೂ ಬೇಕು, ಹುಡುಕೋಕೂ ಬೇಕು, ಎರಡೂ ಒಟ್ಟಿಗೆ ಯಾವಾಗಲೂ ಕೂಡಿ ಬರಲ್ಲ. ಒಂದು ಸಣ್ಣ ಸೂಚನೆ ಅಲ್ಲೇ ಹಾಕಿದ್ರೆ ಚೆನ್ನಾಗಿತ್ತು ಅಂತ ನನಗನ್ಸುತ್ತೆ, ಹೊಸಬರು ನೋಡಿ ಇದೇ ಅಂತಿಮ ಅಂದ್ಕೊಂಡುಬಿಡ್ತಾರೆ.

ಹೆಸರು ಬದಲಾಗೋ ವಿಷಯದಲ್ಲಂತೂ ತುಂಬಾ ಜನ ಬೈಕೋತಾರೆ, "ಈಗಷ್ಟೇ ಕಲ್ತಿದ್ದೆ, ಮತ್ತೆ ಚೇಂಜ್ ಮಾಡಿದ್ರು" ಅಂತ. ಮೇಲೆ ಹೇಳಿದ ಜೇಡಾನೇ ಮೊದಲು ಮಿರ್ಮರಾಕ್ನೆ ಜೀನಸ್‌ನಲ್ಲಿತ್ತು. ಟೊಮೆಟೊ ಕಥೆ ಇನ್ನೂ ಚೆಂದ, 1753ರಲ್ಲಿ ಜೀವಿಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನ್ನೇಯಸ್ ಅದನ್ನ ಬದನೆ ಆಲೂಗಡ್ಡೆ ಇರೋ ಸೊಲಾನಮ್ ಜೀನಸ್‌ನಲ್ಲೇ ಇಟ್ಟಿದ್ದ, ಅದೇ ಶತಮಾನದಲ್ಲಿ ಫಿಲಿಪ್ ಮಿಲ್ಲರ್ ಅನ್ನೋ ಸಸ್ಯವಿಜ್ಞಾನಿ ಅದನ್ನ ಲೈಕೋಪರ್ಸಿಕಾನ್ ಅಂತ ಬೇರೆ ಮನೆ ಮಾಡಿಸಿದ, ಎರಡು ಶತಮಾನಕ್ಕೂ ಹೆಚ್ಚು ಕಾಲ ಆದ ಮೇಲೆ ಡಿಎನ್ಎ ಬಂದು ಲಿನ್ನೇಯಸ್ ಇಟ್ಟ ಜಾಗಕ್ಕೇ ವಾಪಸ್. ಜಾಲಿ ಮರಗಳಿದ್ದ ಅಕೇಶಿಯಾ ವಿಷಯದಲ್ಲಿ ದೊಡ್ಡ ಜಗಳಾನೇ ಆಯ್ತು. ಒಂದೇ ಜೀನಸ್ ಅಂದ್ಕೊಂಡಿದ್ದು ಹಲವು ಅಂತ ಗೊತ್ತಾದಾಗ ಅಕೇಶಿಯಾ ಅನ್ನೋ ಹೆಸರು ಯಾರಿಗೆ ಉಳೀಬೇಕು ಅಂತ ಪ್ರಶ್ನೆ ಬಂತು, 2005ರ ವಿಯೆನ್ನಾ ಸಸ್ಯವಿಜ್ಞಾನ ಕಾಂಗ್ರೆಸ್ ಆಸ್ಟ್ರೇಲಿಯಾದ ದೊಡ್ಡ ಗುಂಪಿಗೆ ಕೊಡ್ತು, 2011ರಲ್ಲಿ ಮೆಲ್ಬೋರ್ನ್‌ನಲ್ಲಿ ಅದೇ ಗಟ್ಟಿ ಆಯ್ತು. ಹಂಗಾಗಿ ಆಫ್ರಿಕಾ ಏಷ್ಯಾದ ಎಷ್ಟೋ ಜಾಲಿ ಮರಗಳು ಈಗ ವ್ಯಾಚೆಲಿಯಾ, ಸೆನೆಗಾಲಿಯಾ. ಹಳೇ ಹೆಸರಲ್ಲಿ ಹುಡುಕಿದ್ರೂ ಐನ್ಯಾಚುರಲಿಸ್ಟ್ ಹೊಸದಕ್ಕೆ ಕರ್ಕೊಂಡು ಹೋಗುತ್ತೆ, ಸಾಮಾನ್ಯವಾಗಿ ನೀವು ಹಾಕಿದ್ದ ಹಳೇ ಐಡಿಗಳೂ (ಗುರುತಿಸಿ ಕೊಟ್ಟ ಹೆಸರುಗಳೂ) ತಾನಾಗೇ ಬದಲಾಗ್ತವೆ. ಹರ್ಬೇರಿಯಂನ, ಅಂದ್ರೆ ಒಣಗಿಸಿಟ್ಟ ಗಿಡಗಳ ಸಂಗ್ರಹದ, ಕಾಗದದ ಲೇಬಲ್ ಕೈಯಲ್ಲಿ ತಿದ್ದಿದವರನ್ನ ಕೇಳಿ ಈ ಸೌಕರ್ಯದ ಬೆಲೆ.

ಐಡಿ ವೋಟಿಂಗ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಹೊಸಬರು ಕನ್ಫ್ಯೂಸ್ ಆಗೋದು ಇಲ್ಲೇ. ಒಂದು ಹೆಸರು ಗಟ್ಟಿ ಆಗ್ಬೇಕಾದ್ರೆ ಐಡಿ ಕೊಟ್ಟವರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜನ ಒಪ್ಪಬೇಕು, ಅಂದ್ರೆ ಇಬ್ಬರು ಒಂದು ಪ್ರಭೇದ, ಒಬ್ಬರು ಬೇರೆ ಪ್ರಭೇದ ಅಂದ್ರೆ ಸಾಲಲ್ಲ, ಇನ್ನೊಬ್ಬರು ಬರೋವರೆಗೂ ಅದು ಮೇಲಿನ ಮೆಟ್ಟಿಲಲ್ಲೇ ಕೂತಿರುತ್ತೆ. ಯಾರೋ ಪ್ರಭೇದ ಹಾಕಿದ ಮೇಲೆ ನೀವು ಬರೀ ಜೀನಸ್ ಹಾಕಿದ್ರೆ ಒಂದು ಪ್ರಶ್ನೆ ಬರುತ್ತೆ, ಹಸಿರು ಬಟನ್ ಅಂದ್ರೆ "ಅದಿರಬಹುದು, ನಂಗೆ ಇಷ್ಟೇ ಗೊತ್ತು", ಕೇಸರಿ ಬಟನ್ ಅಂದ್ರೆ "ಇಲ್ಲ, ಈ ಸಾಕ್ಷಿಗೆ ಪ್ರಭೇದ ಹೇಳಕ್ಕಾಗಲ್ಲ". ನನ್ನ ಪ್ರಕಾರ ಇಡೀ ಆ್ಯಪ್‌ನ ಬುದ್ಧಿವಂತಿಕೆ ಈ ಎರಡು ಬಟನ್ನಲ್ಲಿದೆ, ಗೊತ್ತಿಲ್ಲ ಅನ್ನೋದಕ್ಕೂ ಒಪ್ಪಲ್ಲ ಅನ್ನೋದಕ್ಕೂ ವ್ಯತ್ಯಾಸ ಇಟ್ಟಿದಾರಲ್ಲ. ತೊಂದರೆ ಅಂದ್ರೆ ಬೇರೆಯವರ ಐಡಿ ಒಪ್ಪೋಕೆ ಇರೋ ಅಗ್ರೀ ಬಟನ್ನ ಕೆಲವರು ಥ್ಯಾಂಕ್ಸ್ ಹೇಳೋಕೆ ಬಳಸ್ತಾರೆ. ತಜ್ಞರು ಏನೋ ಹೇಳಿದ್ರು, ಇವರಿಗೂ ಅದರ ಗಂಧ ಗಾಳಿ ಇಲ್ಲ, ಆದ್ರೂ ಮರ್ಯಾದೆಗೆ ಅಗ್ರೀ, ಅಲ್ಲಿಗೆ ಎರಡು ವೋಟು ಬಿತ್ತು, ರಿಸರ್ಚ್ ಗ್ರೇಡ್ (ಸಂಶೋಧನೆಗೆ ಬಳಸಬಹುದು ಅನ್ನೋ ದರ್ಜೆ) ಆಯ್ತು. ಎರಡನೇ ಕಣ್ಣು ಅಲ್ಲಿ ನಿಜವಾಗಿ ನೋಡಿಯೇ ಇಲ್ಲ. ದಯವಿಟ್ಟು ಹಂಗೆ ಮಾಡಬೇಡಿ, ಥ್ಯಾಂಕ್ಸ್ ಅಂತ ಕಾಮೆಂಟ್ ಹಾಕಿ ಸಾಕು.

ಯಾಕಿಷ್ಟು ತಲೆಕೆಡಿಸ್ಕೋಬೇಕು ಅಂದ್ರೆ ರಿಸರ್ಚ್ ಗ್ರೇಡ್ ಆಗಿ ಲೈಸೆನ್ಸ್ ಸರಿ ಇದ್ರೆ ಆ ದಾಖಲೆ ಜಿಬಿಐಎಫ್‌ಗೆ ಹೋಗುತ್ತೆ, ಕೋಪನ್‌ಹೇಗನ್‌ನಲ್ಲಿ ಸೆಕ್ರೆಟೇರಿಯಟ್ ಇರೋ ಜಾಗತಿಕ ಜೀವವೈವಿಧ್ಯ ಡೇಟಾ ಜಾಲ ಅದು, ಪ್ರಭೇದ ಎಲ್ಲೆಲ್ಲಿ ಹರಡಿದೆ ಅಂತ ಅಧ್ಯಯನ ಮಾಡೋರು ಅಲ್ಲಿಂದ ಡೇಟಾ ಎತ್ಕೋತಾರೆ. ಕುಂಡದ ಗುಲಾಬಿ, ಝೂ ಹುಲಿ ಇವೆಲ್ಲ ಕ್ಯಾಶುವಲ್ ಅಂತ ಪಕ್ಕಕ್ಕೆ ಹೋಗ್ತವೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ, ತಾನಾಗೇ ಬದುಕಿರೋದನ್ನ ಲೆಕ್ಕ ಹಾಕೋ ಜಾಗ ಇದು.

ಇನ್ನು ಮಿತಿಗಳು. ಒಂದು ಪ್ರಭೇದವನ್ನ ಕಂಪ್ಯೂಟರ್ ಮಾಡೆಲ್ ಕಲೀಬೇಕು ಅಂದ್ರೆ ಅದರದ್ದು ಸುಮಾರು 100 ಫೋಟೋ ಆದ್ರೂ ಬೇಕು. ಚಿಟ್ಟೆ ಹಕ್ಕಿಗೆ ಅದು ಸಲೀಸು, ಸಣ್ಣ ಕಣಜ, ನುಸಿ, ಮಣ್ಣಿನ ಹುಳಗಳಿಗೆ ಯಾರು ಅಷ್ಟು ಫೋಟೋ ಹಾಕ್ತಾರೆ? ಇಲ್ಲಿವರೆಗೆ ವಿಜ್ಞಾನ ಹೆಸರಿಟ್ಟಿರೋದು ಸುಮಾರು 20 ಲಕ್ಷ ಪ್ರಭೇದ, ಬ್ಯಾಕ್ಟೀರಿಯಾದಂಥವು ಬಿಟ್ಟು ಒಟ್ಟು 87 ಲಕ್ಷ ಇರಬಹುದು ಅಂತ 2011ರ ಒಂದು ಅಂದಾಜು. ಹೆಸರೇ ಇಲ್ಲದ್ದನ್ನ ಯಾವ ಆ್ಯಪ್ ತಾನೇ ಗುರುತಿಸುತ್ತೆ. ಹೆಸರಿರೋದರಲ್ಲೂ ಎಷ್ಟೋ ಪತಂಗಗಳನ್ನ ಜನನಾಂಗ ಬಿಡಿಸಿ ಮೈಕ್ರೋಸ್ಕೋಪ್ ಕೆಳಗೆ ನೋಡದೆ ಹೇಳೋಕಾಗಲ್ಲ, ಎಷ್ಟೋ ಅಣಬೆಗೆ ಬೀಜಕಣ ನೋಡ್ಲೇಬೇಕು. ಎಷ್ಟು ಒಳ್ಳೆ ಕ್ಯಾಮೆರಾ ಇದ್ರೂ ಅಷ್ಟೇ. ಅದಕ್ಕೇ ಕಾಡು ಅಣಬೆ ತಿನ್ನಬಹುದಾ ಅಂತ ಕೇಳೋಕೆ ಈ ಆ್ಯಪ್ ಅಂತಲ್ಲ, ಯಾವ ಆ್ಯಪನ್ನೂ ಬಳಸಬೇಡಿ.

ಪ್ರೈವೆಸಿ ವಿಷಯ, ಮನೆ ಸುತ್ತಮುತ್ತ ತೆಗೆದ ಫೋಟೋ ಆದ್ರೆ ಲೊಕೇಶನ್‌ನ ಅಬ್ಸ್‌ಕ್ಯೂರ್ಡ್ (ನಿಖರ ಜಾಗ ಕಾಣದ ಹಾಗೆ) ಮಾಡಿ, ಡೀಫಾಲ್ಟ್ ಓಪನ್ ಇರುತ್ತೆ. ಅಪಾಯದಲ್ಲಿರೋ ಎಷ್ಟೋ ಪ್ರಭೇದಗಳಿಗೆ ಆ್ಯಪೇ ನಿಖರ ಜಾಗ ಮುಚ್ಚಿ 0.2 ಡಿಗ್ರಿ ಚೌಕದ ಒಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತೆ, ಕಳ್ಳಬೇಟೆಯವರಿಗೆ ಮ್ಯಾಪ್ ಬರೆದುಕೊಟ್ಟಂಗೆ ಆಗಬಾರದಲ್ಲ.

ಮಕ್ಕಳಿಗಾದ್ರೆ ಇವರದ್ದೇ ಸೀಕ್ ಅನ್ನೋ ಇನ್ನೊಂದು ಆ್ಯಪ್ ಇದೆ, ಅಕೌಂಟ್ ಬೇಡ. ಕ್ಯಾಮೆರಾ ಹಿಡಿದ್ರೆ ಮೇಲೆ ಏಳು ಚುಕ್ಕೆ, ಕಿಂಗ್‌ಡಮ್‌ನಿಂದ ಸ್ಪೀಶೀಸ್‌ವರೆಗೆ, ಹತ್ತಿರ ಹೋದಂಗೆ ಆ್ಯಂಗಲ್ ಬದಲಿಸಿದಂಗೆ ಒಂದೊಂದೇ ತುಂಬ್ಕೊಳ್ಳುತ್ತೆ. ಹೂವಿನ ಮುಂಭಾಗ ಹಿಡಿದಾಗ ನಾಲ್ಕಕ್ಕೆ ನಿಂತಿದ್ದು ಎಲೆ ಸೇರಿಸಿ ಹಿಡಿದ ಕೂಡಲೇ ಆರಕ್ಕೆ ಹೋಗೋದು ನೋಡಿದ್ರೆ, ಯಾವ ಲಕ್ಷಣ ಯಾವ ಮೆಟ್ಟಿಲಿಗೆ ಬೇಕು ಅಂತ ಯಾರೂ ಪಾಠ ಮಾಡದೇನೇ ತಲೆಗೆ ಹೋಗುತ್ತೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಕಟ್ ಮಾಡಿದ್ದು ಆ ಅಗ್ರೀ ಬಟನ್ನಿಗೆ. ಶುರು ಮಾಡೋರು ಒಂದೇ ಫೋಟೋಗೆ ನಿಲ್ಲಿಸಬೇಡಿ, ಹುಳ ಆದ್ರೆ ಬೆನ್ನು, ಪಕ್ಕ, ಮುಖ, ಅಣಬೆ ಆದ್ರೆ ಟೋಪಿ ಕೆಳಗಿನ ಪದರ ಮತ್ತು ಕಾಂಡದ ಬುಡ, ಗಿಡ ಆದ್ರೆ ಎಲೆ ಹಿಂಭಾಗ ಮತ್ತು ಎಲೆ ಕಾಂಡಕ್ಕೆ ಸೇರೋ ಜಾಗ, ಎಲ್ಲಾ ಒಂದೇ ಅಬ್ಸರ್ವೇಶನ್ನಿಗೆ ಸೇರಿಸಿ ಹಾಕಿ. ಫ್ಯಾಮಿಲಿಯಲ್ಲಿ ನಿಂತಿರೋದು ಜೀನಸ್‌ಗೆ ಇಳಿಯೋದು ಹೆಚ್ಚಾಗಿ ಆ ಮೂರನೇ ನಾಲ್ಕನೇ ಫೋಟೋದಿಂದಾನೇ.