ದುಡ್ಡು ಕೊಟ್ಟು ಕೊಂಡ ಪರ್ಮಿಷನ್: ಇಂಗ್ಲೆಂಡಿನಲ್ಲಿ ಹೊಸದಾಗಿ ಮೆಟಲ್ ಡಿಟೆಕ್ಟರ್ ಹಿಡಿದವರು ಇದನ್ನು ಓದಿ

ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲಿ ಈಚೆಗೆ ಡಿಟೆಕ್ಟರ್ ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಯಾರದ್ದೋ ಹೊಲದಲ್ಲಿ ಗುಂಪಾಗಿ ಡಿಟೆಕ್ಟರ್ ಆಡಿಸಿ, ನೆಲದೊಳಗಿನ ಹಳೇ ವಸ್ತು ಅಗೆದು ತೆಗೆಯುವುದಕ್ಕೆ ಇಲ್ಲಿ ‘ಡಿಗ್’ ಅನ್ನುತ್ತಾರೆ. ‘ಹೊಸಬರಿಗಾಗಿ ಭಾನುವಾರದ ಡಿಗ್, ಪರ್ಮಿಷನ್ ಎಲ್ಲಾ ನಮ್ಮ ಜವಾಬ್ದಾರಿ’ ಅನ್ನುವ ಜಾಹೀರಾತು ಕಂಡರೆ, ದುಡ್ಡು ಕಳಿಸುವ ಮೊದಲು ಒಂದು ಮಾತು ಕೇಳಿ: ಹೊಲದ ಒಡೆಯರ ಸಹಿ ಇರುವ ಪತ್ರ ಎಲ್ಲಿದೆ? ಅದು ಇಲ್ಲದ ಡಿಗ್ಗಿಗೆ ಹೋಗಿ ನಾನು ಪೊಲೀಸರ ಪುಸ್ತಕದಲ್ಲಿ ಹೆಸರು, ವಿಳಾಸ ಬರೆಸಿ ಬಂದಿದ್ದೇನೆ. ಡಿಟೆಕ್ಟರ್ ವಾಪಸ್ ಕೈಗೆ ಬರಲು ವಾರಗಳೇ ಹಿಡಿದವು.

ಹೊಸಬರು ಇಂಥವರ ಬಲೆಗೆ ಬೀಳುವುದಕ್ಕೆ ಕಾರಣ ಇದೆ. ಯಾರದ್ದೂ ಅಲ್ಲದ ನೆಲ ಅಂತ ಇಲ್ಲಿ ಇಲ್ಲವೇ ಇಲ್ಲ. ಹೊಲದ ನಡುವೆ ಪಬ್ಲಿಕ್ ಫುಟ್‌ಪಾತ್ ಹೋಗಿದ್ದರೆ ಅದರ ಮೇಲೆ ನಡೆಯುವ ಹಕ್ಕಿದೆ, ಅಗೆಯುವ ಹಕ್ಕಿಲ್ಲ. ಲಂಡನ್ನಿನ ರಾಯಲ್ ಪಾರ್ಕುಗಳಲ್ಲಿ ಡಿಟೆಕ್ಟರ್ ಆಡಿಸುವಂತಿಲ್ಲ. ಹಳೇ ಬಂಗಲೆ, ತೋಟ, ಕಾಡುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನ ಜಾಗಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಕೌನ್ಸಿಲ್ ಪಾರ್ಕುಗಳಲ್ಲಿ ಒಂದೊಂದು ಊರಿಗೆ ಒಂದೊಂದು ನಿಯಮ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಹುಡುಕಬೇಕೆಂದರೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಉಳಿದದ್ದು ರೈತರ ಬಾಗಿಲು ತಟ್ಟುವುದು. ನಾನು ಪತ್ರ ಬರೆದೆ, ತೋಟದ ಮನೆಗಳಿಗೆ ಹೋಗಿ ಕೇಳಿದೆ. ‘ಸಾರಿ’ ಅನ್ನುವುದಕ್ಕಿಂತ ಹೆಚ್ಚು ಮಾತು ಸಿಗಲಿಲ್ಲ. ನಮ್ಮ ಮುಖ, ಮಾತು ನೋಡಿ ಹೀಗೋ ಏನೋ ಅನ್ನಿಸಿದ್ದೂ ಉಂಟು. ಆದರೆ ಇಲ್ಲೇ ಹುಟ್ಟಿ ಬೆಳೆದವರಿಗೂ ಅದೇ ಉತ್ತರವಂತೆ. ರಾತ್ರಿ ಹೊತ್ತು ಕದ್ದು ಬಂದು ಅಗೆಯುವ ‘ನೈಟ್‌ಹಾಕ್’ಗಳು ಗುಂಡಿ ಮುಚ್ಚದೆ ಹೋಗುತ್ತಾರೆ, ಅದರಲ್ಲಿ ದನದ ಕಾಲು ಸಿಕ್ಕಿಕೊಳ್ಳುತ್ತದೆ. ರೈತರ ಸಿಟ್ಟು ಸುಮ್ಸುಮ್ನೆ ಬಂದದ್ದಲ್ಲ.

ಇಂಥ ಹೊತ್ತಿನಲ್ಲಿ 25 ಪೌಂಡಿಗೆ ಒಂದು ದಿನದ ಡಿಗ್ ಅಂದರೆ ಅಗ್ಗ ಅನ್ನಿಸುತ್ತದೆ. ಅವರ ಆನ್‌ಲೈನ್ ಗುಂಪಿನ ತುಂಬ ಬೆಳ್ಳಿ ನಾಣ್ಯಗಳ ಫೋಟೋ. ದುಡ್ಡನ್ನು ‘ಸ್ನೇಹಿತರಿಗೆ’ ಅಂತ ಗುರುತು ಹಾಕಿ ಕಳಿಸಿ ಅಂದರು. ಹಾಗೆ ಕಳಿಸಿದ ದುಡ್ಡು ಮೋಸವಾದರೆ ವಾಪಸ್ ಪಡೆಯುವುದು ಬಲು ಕಷ್ಟ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಲ ಎಲ್ಲಿದೆ ಅನ್ನುವುದನ್ನು ಹಿಂದಿನ ರಾತ್ರಿಯವರೆಗೂ ಹೇಳಲಿಲ್ಲ. ‘ಮೊದಲೇ ಹೇಳಿದರೆ ನೈಟ್‌ಹಾಕ್‌ಗಳು ಬರುತ್ತಾರೆ’ ಅನ್ನುವ ಕಾರಣ. ಇದರಲ್ಲಿ ಸ್ವಲ್ಪ ನಿಜವೂ ಇದೆ, ಒಳ್ಳೆಯ ಕ್ಲಬ್ಬುಗಳೂ ಹಾಗೆ ಮಾಡುವುದುಂಟು. ಆದರೆ ಹಿಂದಿನ ರಾತ್ರಿ ಜಾಗ ಗೊತ್ತಾದರೆ, ಅದು ಯಾರದ್ದು ಅಂತ ನೋಡಿಕೊಳ್ಳಲು ನಮಗೆ ಹೊತ್ತೇ ಇರುವುದಿಲ್ಲ.

ಗೋಧಿ ಕೊಯ್ದ ಕೂಳೆ ಹೊಲ. ಪಕ್ಕದಲ್ಲಿ ಒಂದು ಹುಲ್ಲುಗಾವಲು, ಅದರಲ್ಲಿ ಉಬ್ಬುತಗ್ಗು, ಹಳೆಯ ಕಂದಕದಂತೆ ಕಾಣುವ ಒಂದು ಗೆರೆ. ಆಯೋಜಕ ಎರಡೂ ಕಡೆ ಕೈ ತೋರಿಸಿ ‘ಎಲ್ಲಾ ನಮ್ಮದೇ’ ಅಂದ. ದುಡ್ಡು ಕೊಟ್ಟವರ ಹೆಸರಿಗೆ ಗುರುತು ಹಾಕಿಕೊಂಡು ಕಾರು ಹತ್ತಿ ಹೋದ. ನನಗೆ ಕೂಳೆಯಲ್ಲಿ ಸಿಕ್ಕಿದ್ದು ಬಂದೂಕಿನ ತೂಟದ ಹಿತ್ತಾಳೆ ಬಿಲ್ಲೆಗಳು, ಕ್ಯಾನಿನ ರಿಂಗುಗಳು, ಒಂದು ಸೀಸದ ಗುಂಡು, ಸವೆದು ತಲೆಬಾಲ ಗೊತ್ತಾಗದ ಒಂದು ತಾಮ್ರದ ಪೆನ್ನಿ. ಹೊಸಬರಿಗೆ ಅಷ್ಟೇ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಜಮೀನಿನ ಮ್ಯಾನೇಜರ್ ಬಂದರು. ನಮ್ಮ ಟಿಕೆಟ್ ನೋಡಿ ನಗಲೂ ಇಲ್ಲ, ಬೈಯಲೂ ಇಲ್ಲ, ನೇರ ಪೊಲೀಸರಿಗೆ ಫೋನ್ ಮಾಡಿದರು.

ಆಯೋಜಕ ಮಾತಾಡಿದ್ದು ಗೇಣಿದಾರನ ಜೊತೆಗಂತೆ, ಅದೂ ಬಾಯಿಮಾತು. ನಮ್ಮೂರಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಕಾನೂನೇ ಬಂತು. ಇಲ್ಲಿ ಉಳುವವರು ಬೇರೆ, ಒಡೆಯರು ಬೇರೆ ಆಗಿರುವುದು ತೀರಾ ಸಾಮಾನ್ಯ. ಹೊಲಕ್ಕೆ ಕಾಲಿಡಲು ಗೇಣಿದಾರರ ಒಪ್ಪಿಗೆ ಬೇಕು, ಆದರೆ ನೆಲದೊಳಗಿನ ಹಳೇ ವಸ್ತುವಿನ ಮೇಲೆ ಸಾಮಾನ್ಯವಾಗಿ ಅವರಿಗೆ ಹಕ್ಕಿಲ್ಲ, ಅದು ಒಡೆಯರದ್ದು. ಇಬ್ಬರ ಒಪ್ಪಿಗೆಯೂ ಇರಬೇಕು. ಒಡೆಯರಿಗೆ ಹೇಳದೆ ಎತ್ತಿಕೊಂಡು ಹೋದರೆ ಅದು ಕಳ್ಳತನ.

ಆ ಹುಲ್ಲುಗಾವಲಿನದ್ದು ಇದಕ್ಕಿಂತ ದೊಡ್ಡ ಕಥೆ. ಅದು ‘ಷೆಡ್ಯೂಲ್ಡ್ ಮಾನ್ಯುಮೆಂಟ್’, ಅಂದರೆ ಸರ್ಕಾರದ ಪಟ್ಟಿಯಲ್ಲಿರುವ ರಕ್ಷಿತ ತಾಣ. ಇಂಥವು ಇಂಗ್ಲೆಂಡಿನಲ್ಲಿ ಸುಮಾರು 20,000 ಇವೆ. ಎಷ್ಟೋ ಕಡೆ ಬೋರ್ಡೂ ಇಲ್ಲ, ಬೇಲಿಯೂ ಇಲ್ಲ, ಕುರಿ ಮೇಯುತ್ತಿರುತ್ತವೆ. ಪ್ರಾಚೀನ ಸ್ಮಾರಕಗಳ 1979ರ ಕಾಯ್ದೆಯ ಪ್ರಕಾರ, ಇವುಗಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡಿನ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಡಿಟೆಕ್ಟರ್ ಆಡಿಸಿದ್ದೇ ಅಪರಾಧ. ಒಂದು ಚಮಚ ಮಣ್ಣು ತೆಗೆಯದಿದ್ದರೂ ಸರಿ. ಒಡೆಯರೇ ‘ಹೋಗಪ್ಪಾ’ ಅಂದರೂ ನಡೆಯುವುದಿಲ್ಲ. ‘ನನಗೆ ಗೊತ್ತಿರಲಿಲ್ಲ’ ಅಂತಷ್ಟೇ ಹೇಳಿದರೆ ಸಾಲದು, ರಕ್ಷಿತ ತಾಣ ಹೌದೋ ಅಲ್ಲವೋ ಅಂತ ಸರಿಯಾಗಿ ವಿಚಾರಿಸಿದ್ದೆ ಅಂತ ನಾವೇ ತೋರಿಸಬೇಕು. ಅಲ್ಲಿಗೆ ಹೋಗಿದ್ದವರ ಪಾಡು ನನಗಿಂತ ಕೆಟ್ಟದಾಯಿತು. ಆಯೋಜಕನ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ಇದನ್ನೆಲ್ಲ ಇಲ್ಲಿ ಸಣ್ಣ ವಿಷಯ ಅಂತ ಬಿಡುವುದಿಲ್ಲ. 2015ರಲ್ಲಿ ಹೆರೆಫರ್ಡ್‌ಷೈರಿನ ಲೆಮ್‌ಸ್ಟರ್ (Leominster) ಹತ್ತಿರ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಚಿನ್ನದ ಒಡವೆ, ಸುಮಾರು 300 ನಾಣ್ಯ ಇದ್ದವು ಅನ್ನುತ್ತಾರೆ. ಅವರು ಯಾರಿಗೂ ಹೇಳದೆ ಮಾರಲು ಹೊರಟರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲಾಯಿತು. ಮೇಲ್ಮನವಿಯಲ್ಲಿ ಕಡಿಮೆಯಾಯಿತು, ಆದರೂ ಬಿಡುಗಡೆ ಆಗಲಿಲ್ಲ. ಸರಿಯಾಗಿ ಹೇಳಿದ್ದರೆ ಏನಾಗುತ್ತಿತ್ತು ನೋಡಿ. 2009ರಲ್ಲಿ ಸಿಕ್ಕ ಸ್ಟ್ಯಾಫರ್ಡ್‌ಷೈರ್ ನಿಧಿಗೆ ಸುಮಾರು 33 ಲಕ್ಷ ಪೌಂಡ್ ಬೆಲೆ ಕಟ್ಟಿದರು. ಹುಡುಕಿದವರಿಗೂ ಹೊಲದವರಿಗೂ ಅದನ್ನು ಹಂಚಿದರು.

ಹಾಗಾದರೆ ಹೊಸಬರು ಎಲ್ಲಿಗೆ ಹೋಗಬೇಕು? ನನ್ನ ಮಟ್ಟಿಗೆ ಮೊದಲು ಕಡಲತೀರ. ಉಬ್ಬರ ಇಳಿತದ ನಡುವಿನ ಮರಳಿನಲ್ಲಿ ದೊಡ್ಡ ಪಾಲು ರಾಜಮನೆತನದ ಹೆಸರಿನಲ್ಲಿರುವ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನದ್ದು, ಅವರು ಹವ್ಯಾಸಿಗಳಿಗೆ ಬಿಡುತ್ತಾರೆ. ಎಲ್ಲ ತೀರವೂ ಅವರದ್ದಲ್ಲ, ಅವರ ನಕ್ಷೆ ನೋಡಿಯೇ ಹೊರಡಿ. ಮೇಲಿನ ಒಣ ಮರಳು ಎಷ್ಟೋ ಕಡೆ ಕೌನ್ಸಿಲ್ಲಿನದ್ದು, ಅವರನ್ನು ಬೇರೆ ಕೇಳಬೇಕು. ತೀರದಲ್ಲೂ ರಕ್ಷಿತ ತಾಣಗಳಿರುತ್ತವೆ. ಯಾರದ್ದೋ ಉಂಗುರ ಸಿಕ್ಕಿದರೆ ಪೊಲೀಸರಿಗೆ ಹೇಳಿ, ಅದು ಕಳೆದುಕೊಂಡವರದ್ದು.

ಆಮೇಲೆ ಹತ್ತಿರದ ಕ್ಲಬ್. ಹಳೇ ಕ್ಲಬ್ಬುಗಳಿಗೆ ಸೇರಲು ಕಾಯಬೇಕಾಗಬಹುದು, ಕಾಯಿರಿ. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗಿನ ಸದಸ್ಯತ್ವ ಮಾಡಿಸಿದರೆ ವಿಮೆಯೂ ಬರುತ್ತದೆ, ರೈತರ ಮುಂದೆ ಆ ಕಾರ್ಡ್ ಹಿಡಿದರೆ ಮಾತಿಗೆ ಒಂದಿಷ್ಟು ತೂಕ ಬರುತ್ತದೆ. ದುಡ್ಡಿನ ಡಿಗ್ಗುಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಒಡೆಯರ ಪತ್ರ ತೋರಿಸುವವರು, ಸಿಕ್ಕ ವಸ್ತು ದಾಖಲಿಸಲು ಫೈಂಡ್ಸ್ ಲಿಯೇಸನ್ ಆಫೀಸರ್ (ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಸ್ಥಳೀಯ ಅಧಿಕಾರಿ) ಜೊತೆ ಮೊದಲೇ ಮಾತಾಡಿಕೊಳ್ಳುವವರು ಇದ್ದಾರೆ. ಪೋಸ್ಟ್‌ಕೋಡ್ ಅಲ್ಲ, ಹೊಲದ ಎಲ್ಲೆ ಗೆರೆ ಹಾಕಿದ ನಕ್ಷೆಯನ್ನೇ ಕೇಳಿ. ಹಿಸ್ಟಾರಿಕ್ ಇಂಗ್ಲೆಂಡಿನ ಪಟ್ಟಿಯಲ್ಲಿ, ಸರ್ಕಾರದ ‘ಮ್ಯಾಜಿಕ್’ (MAGIC) ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಪುಕ್ಕಟೆಯಾಗಿ ತಾಳೆ ನೋಡಬಹುದು. ಒಡೆಯರು ಯಾರು ಅಂತ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸಿಕ್ಕದ್ದನ್ನು ಹೇಗೆ ಹಂಚುವುದು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ. 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿ ವಸ್ತು ಸಿಕ್ಕರೆ 14 ದಿನದೊಳಗೆ ಕಾರೊನರ್‌ಗೆ, ಅಂದರೆ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ, ತಿಳಿಸಲೇಬೇಕು. ಸ್ಕಾಟ್ಲೆಂಡಿನ ಕಾನೂನೇ ಬೇರೆ, ಇಲ್ಲಿ ಹೇಳಿದ್ದನ್ನು ಅಲ್ಲಿಗೆ ಒಯ್ಯಬೇಡಿ.

ಇನ್ನೊಂದು. ರಜೆಗೆ ಊರಿಗೆ ಹೋಗುವಾಗ ಡಿಟೆಕ್ಟರನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವನ್ನೇ ನಿಧಿಯಾಸೆಗೆ ಒಡೆದು ಹಾಕಿದವರಿದ್ದಾರೆ. ಅಂಥ ಊರಲ್ಲಿ ಹಳೇ ಗುಡಿ, ಕೋಟೆ ಹತ್ತಿರ ಡಿಟೆಕ್ಟರ್ ಹಿಡಿದು ನಿಂತರೆ ಹವ್ಯಾಸ ಅಂತ ಯಾರು ನಂಬುತ್ತಾರೆ?

ಆ ಆಯೋಜಕನ ಹಳೇ ಗುಂಪು ಈಗ ಇಲ್ಲ. ಮೊನ್ನೆ ಬೇರೆ ಹೆಸರಿನ ಗುಂಪೊಂದರಲ್ಲಿ ಅವೇ ಬೆಳ್ಳಿ ನಾಣ್ಯಗಳ ಫೋಟೋ ಕಂಡವು, ಟಿಕೆಟ್ ಈಗ 35 ಪೌಂಡ್. ‘ಹೊಲದ ಒಡೆಯರ ಪತ್ರ ತೋರಿಸುತ್ತೀರಾ?’ ಅಂತ ಕೇಳಿದೆ. ಉತ್ತರ ಬರಲಿಲ್ಲ, ನನ್ನನ್ನೇ ಗುಂಪಿನಿಂದ ತೆಗೆದರು.