ಗಡಸು ನೀರಿನ ಊರಿನಲ್ಲಿ ಕಡುನೀಲಿ ಕಾರು: ತೊಳೆಯುವ ಸಾಮಾನುಗಳನ್ನು ಎರಡೂವರೆ ವರ್ಷ ಬಳಸಿದ ಮೇಲೆ

ಕಾರು ಕೊಂಡ ಮೂರನೆಯ ತಿಂಗಳಿನಲ್ಲಿ ಒಂದು ಭಾನುವಾರ ಅದನ್ನು ನಾನೇ ಶ್ರದ್ಧೆಯಿಂದ ತೊಳೆದು, ಒಳಗೆ ಹೋಗಿ ತಿಂಡಿ ಮುಗಿಸಿ ಹೊರಗೆ ಬಂದಾಗ, ಬಾನೆಟ್ಟಿನ ತುಂಬ ಸುಣ್ಣದ ತಿಳಿ ಚಿಮುಕಿಸಿದ ಹಾಗೆ ಬಿಳಿಯ ಉಂಗುರಗಳು ಕೂತಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಾಯವಾದವು, ಒಣಗಿದ ಮೇಲೆ ಮತ್ತೆ ಕಾಣಿಸಿಕೊಂಡವು. ಆವತ್ತಿಗೆ ನನ್ನ ಬಳಿ ಸುಮಾರು ಆರು ಸಾವಿರ ರೂಪಾಯಿಯ ಸಾಮಾನು ಸೇರಿತ್ತು: ಶಾಂಪೂ, ಕೊಳೆ ತಳದಲ್ಲೇ ಉಳಿಯಲೆಂದು ಗ್ರಿಟ್ ಗಾರ್ಡ್ ಎಂಬ ಜಾಲರಿ ಇರುವ ಎರಡು ಬಕೆಟ್, ತೊಳೆಯುವ ಕೈಗವಸು, ಮೈಕ್ರೋಫೈಬರ್ ಬಟ್ಟೆಗಳು, ಟೈರಿಗೆ ಹಚ್ಚುವ ದ್ರವ, ‘ಸೆರಾಮಿಕ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವ, ಮೇಣದ ಹಾಗೆ ಕಾರಿನ ಮೈಗೆ ಹಚ್ಚುವ ಒಂದು ಸ್ಪ್ರೇ. ಇವುಗಳ ಗುಣಲಕ್ಷಣಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆಯಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕೋಲಾರದಲ್ಲಿ ಬೋರ್‌ವೆಲ್ ನೀರು ಹಿಡಿದು ಕಾರು ತೊಳೆಯುವವನಿಗೆ ಇವುಗಳಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬಂತು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ನನ್ನ ಮನೆ ಅಂತರಗಂಗೆ ಬೆಟ್ಟದ ಕಡೆಯ ಬಡಾವಣೆಯಲ್ಲಿದೆ, ಕೆಲಸ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ದಿನವೂ ಹೆದ್ದಾರಿಯ ಧೂಳು, ಜಲ್ಲಿ ಲಾರಿಗಳ ಹಿಂದೆ ಹಾರುವ ಕಲ್ಲಿನ ಪುಡಿ, ಕಾರ್ಖಾನೆಯ ಬಯಲಿನಲ್ಲಿ ಬಿಸಿಲಲ್ಲೇ ನಿಲ್ಲಿಸಬೇಕಾದ ಅನಿವಾರ್ಯ. ಬಣ್ಣ ಕಡುನೀಲಿಯಾದ್ದರಿಂದ ಬಿಳಿ ಕಾರಿನಲ್ಲಿ ಕಣ್ಣಿಗೆ ಬೀಳದ ಕಲೆಯೂ ಇಲ್ಲಿ ಹತ್ತು ಅಡಿ ದೂರಕ್ಕೆ ಕಾಣುತ್ತದೆ. ಇನ್ನು ನೀರು. ಶಾಶ್ವತ ನದಿ ಎಂಬುದೇ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಸಾಮಾನ್ಯ. ಆನ್‌ಲೈನ್‌ನಲ್ಲಿ ತರಿಸಿದ, ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರನ್ನು ನಮ್ಮ ಸಂಪಿನ ನೀರಿಗೆ ಅದ್ದಿದಾಗ 1,140 ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಆ ನೀರು ಕಾರಿನ ಮೇಲೆ ಆವಿಯಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಲ್ಲಿಗೂ ಹೋಗುವುದಿಲ್ಲ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ಬಾನೆಟ್ಟಿನ ಮೇಲೆ ಉಂಗುರವಾಗಿ ಉಳಿಯುತ್ತದೆ.

ಇದು ಅರ್ಥವಾಗುವ ಮೊದಲು ನಾನು ಸಾಮಾನುಗಳ ಮೇಲೆ ಇನ್ನಷ್ಟು ಹಣ ಹಾಕಿದೆ. ಶಾಂಪೂ ನೊರೆ ಸಾಲದೆಂದು ಫೋಮ್ ಗನ್ ಕೊಂಡೆ. ಫೋಮ್ ಗನ್ನಿಗೆ ಒತ್ತಡ ಸಾಲದೆಂದು ಏಳು ಸಾವಿರ ಕೊಟ್ಟು ಪ್ರೆಷರ್ ವಾಷರ್ ಕೊಂಡೆ. ಅದರ ಒತ್ತಡ ಎಷ್ಟೇ ಇದ್ದರೂ ಅದು ಎಳೆದುಕೊಳ್ಳುವುದು ಅದೇ ಸಂಪಿನ ನೀರನ್ನು. ಚಕ್ರದ ಕಮಾನಿನ ಕೆಸರು ತೆಗೆಯಲು ಅದು ಒಳ್ಳೆಯ ಯಂತ್ರವೇ, ಆದರೆ ವರ್ಷಕ್ಕೆ ಐದಾರು ಬಾರಿ ಬೇಕಾಗುವ ಕೆಲಸಕ್ಕೆ ಅಷ್ಟು ಹಣ ನನ್ನಂಥ ಸಂಬಳದವನಿಗೆ ಭಾರ. ಹೊಸಬರು ಇದನ್ನು ಮೊದಲ ವರ್ಷ ಕೊಳ್ಳಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ನನ್ನನ್ನು ನಿಜವಾಗಿ ನೋಯಿಸಿದ್ದು ಆ ಸೆರಾಮಿಕ್ ಸ್ಪ್ರೇ. ಹೆಸರು ಬರೆಯುವುದಿಲ್ಲ, ಈ ಬೆಲೆಗೆ ಸಿಗುವ ಹಲವು ಬಾಟಲಿಗಳ ಗುಣ ಹೆಚ್ಚುಕಡಿಮೆ ಒಂದೇ. ಹಚ್ಚಿದ ದಿನ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತದ್ದನ್ನು ನೋಡಿ ಸಂತೋಷಪಟ್ಟಿದ್ದೆ. ಆ ಗುಂಡು ಹನಿಯೇ ತೊಂದರೆಯಾಯಿತು. ಮೇಣವಿಲ್ಲದ ಮೈಮೇಲೆ ನೀರು ತೆಳುವಾಗಿ ಹರಡಿ ಒಣಗಿದರೆ ಮಾಸಲು ಪೊರೆ ಉಳಿಯುತ್ತದೆ. ಹನಿಯಾಗಿ ನಿಂತ ನೀರಿನಲ್ಲಿ ಅಷ್ಟೂ ಲವಣ ಒಂದೇ ಬಿಂದುವಿನಲ್ಲಿ ಕುಗ್ಗಿ, ಅಂಚಿನಲ್ಲಿ ಗಟ್ಟಿಯಾದ ವೃತ್ತ ಕಟ್ಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಂದೆರಡು ವಾರ ಅಂಥ ವೃತ್ತಗಳನ್ನು ಹಾಗೇ ಬಿಟ್ಟದ್ದರಿಂದ ಚಾವಣಿಯ ಮೇಲೆ ಕೆಲವು ಕ್ಲಿಯರ್ ಕೋಟಿನೊಳಕ್ಕೇ ಇಳಿದುಬಿಟ್ಟವು. ಕ್ಲಿಯರ್ ಕೋಟ್ ಎಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ. ಸಾಮಾನ್ಯವಾಗಿ ಅದರ ದಪ್ಪ 50 ಮೈಕ್ರಾನಿನ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ಅದರೊಳಕ್ಕೆ ಇಳಿದ ಗುರುತನ್ನು ಯಾವ ದ್ರವವೂ ತೆಗೆಯದು, ಪಾಲಿಶ್ ಹಾಕಿ ಆ ಪದರವನ್ನೇ ಕೊಂಚ ಸವೆಸಬೇಕು. ಆ ಏಳೆಂಟು ಕಲೆಗಳು ಇಂದಿಗೂ ನನ್ನ ಕಾರಿನ ಚಾವಣಿಯ ಮೇಲಿವೆ, ಅವುಗಳಿಗಾಗಿ ಬಣ್ಣ ಸವೆಸಲು ನನಗೆ ಮನಸ್ಸಿಲ್ಲ.

ಒಳಕ್ಕೆ ಇಳಿಯದ ಕಲೆಗಳಿಗೆ ಪರಿಹಾರ ಅಡುಗೆಮನೆಯಲ್ಲೇ ಇತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲಕ್ಕೆ ಕರಗುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ಶುದ್ಧ ನೀರು ಬೆರೆಸಿ, ಮೈ ತಣ್ಣಗಿರುವಾಗ ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಇಟ್ಟರೆ, ಉಂಗುರ ಬೆರಳಿನಡಿ ಮರಳುಮರಳಾಗಿದ್ದದ್ದು ನುಣುಪಾಗುವುದು ಕೈಗೇ ತಿಳಿಯುತ್ತದೆ. ಕೂಡಲೇ ಶುದ್ಧ ನೀರಿನಿಂದ ಒರೆಸಿಬಿಡಬೇಕು, ಬಿಸಿಲಿನಲ್ಲಿ ಮಾಡಲೇಬಾರದು, ಹಚ್ಚಿದ ಮೇಣವೂ ಅಲ್ಲಿ ದುರ್ಬಲವಾಗುತ್ತದೆಂದು ನೆನಪಿಟ್ಟು ಮತ್ತೆ ಹಚ್ಚಬೇಕು. ಇದಕ್ಕೆಂದೇ ಮಾರುವ ವಾಟರ್ ಸ್ಪಾಟ್ ರಿಮೂವರ್ ಒಂದನ್ನು 550 ರೂಪಾಯಿಗೆ ಕೊಂಡು ಬಳಸಿದ್ದೇನೆ. ಹೊಸ ಕಲೆಗಳ ಮಟ್ಟಿಗೆ ನನಗೆ ವ್ಯತ್ಯಾಸ ಕಾಣಲಿಲ್ಲ.

ಒಂದು ವರ್ಷ ಕಳೆಯುವ ಹೊತ್ತಿಗೆ ಕಾರು ತೊಳೆಯುವುದೇ ಬೇಡವೆನಿಸುವಷ್ಟು ಬೇಸರ ಬಂದಿತ್ತು. ಅದನ್ನು ಬದಲಿಸಿದ್ದು 650 ರೂಪಾಯಿಯ ಒಂದು ಕೈ ಪಂಪಿನ ಸ್ಪ್ರೇಯರ್. ಟೊಮೆಟೊ ಬೆಳೆಗಾರರ ಊರಿನಲ್ಲಿ ಔಷಧಿ ಹೊಡೆಯುವ ಪಂಪಿಗೆ ಬರವೇ? ಬೆನ್ನಿಗೆ ಹಾಕುವ 16 ಲೀಟರಿನದಲ್ಲ, ಕೈತೋಟಕ್ಕೆಂದು ಮಾರುವ 5 ಲೀಟರಿನದು. ಎಪಿಎಂಸಿ ಕಡೆಯ ಕೃಷಿ ಅಂಗಡಿಯಲ್ಲಿ ಕೊಂಡೆ. ಒಂದು ಎಚ್ಚರಿಕೆ: ಹೊಸದನ್ನೇ ಕೊಳ್ಳಿ, ಮನೆಯಲ್ಲಿ ಔಷಧಿ ಹೊಡೆದ ಹಳೆಯ ಪಂಪಿದ್ದರೆ ಅದನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತರಬೇಡಿ, ಕಾರಿಗಿಂತ ನಿಮ್ಮ ಕೈ ಮತ್ತು ಉಸಿರಿಗೆ ಅದು ಕೆಡುಕು.

ಅದರೊಂದಿಗೆ ರಿನ್ಸ್‌ಲೆಸ್ ವಾಷ್ ಎಂಬ ದ್ರವ. ತೊಳೆದ ಮೇಲೆ ಮತ್ತೆ ನೀರು ಹಾಯಿಸಬೇಕಿಲ್ಲದ ಈ ಬಗೆಯಲ್ಲಿ ಬಹುಕಾಲದಿಂದ ಹೆಸರಾದದ್ದು ಆಪ್ಟಿಮಮ್ ನೋ ರಿನ್ಸ್. ನಾನು ಬಳಸುತ್ತಿರುವುದೂ ಅದೇ. ತೊಳೆಯಲು ಅದರ ಪ್ರಮಾಣ 1ಕ್ಕೆ 256, ಅಂದರೆ 8 ಲೀಟರ್ ನೀರಿಗೆ ಸುಮಾರು 31 ಮಿಲಿಲೀಟರ್, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದರೆ ಮೂರು ಮುಚ್ಚಳ. ಬಾಟಲಿ ದುಬಾರಿಯೆನಿಸಿದರೂ ಲೆಕ್ಕ ಹಾಕಿದರೆ ಹಲವು ತಿಂಗಳು ಬರುತ್ತದೆ. ನೊರೆ ಬರುವುದಿಲ್ಲ; ನೊರೆಯೇ ಶುಚಿ ಎಂದು ಬೆಳೆದವರಿಗೆ ಮೊದಲ ಎರಡು ವಾರ ನಂಬಿಕೆ ಬರುವುದಿಲ್ಲ.

ಇಷ್ಟು ಕಡಿಮೆ ನೀರು ಸಾಕೆಂದ ಮೇಲೆ ಆ ನೀರು ಬೋರಿನದೇ ಆಗಬೇಕಿಲ್ಲ ಎಂಬುದು ಹೊಳೆಯಿತು. ನಮ್ಮ ಬೀದಿಯ ತುದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಆರ್‌ಒ ನೀರು ಬರುತ್ತದೆ. ಮೀಟರ್ ಅದರಲ್ಲಿ 62 ತೋರಿಸಿತು. ಕುಡಿಯುವ ನೀರನ್ನು ಕಾರಿಗೆ ಬಳಸುವುದು ಸರಿಯೇ ಎಂದು ನನ್ನ ಹೆಂಡತಿ ಕೇಳಿದಳು, ನಾನೂ ಬಹಳ ಯೋಚಿಸಿದೆ. ಹಿಂದೆ ಪೈಪಿನಿಂದ ತೊಳೆಯುವಾಗ ನಮ್ಮ 15 ಲೀಟರಿನ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬುತ್ತಿತ್ತು. ಇಪ್ಪತ್ತು ನಿಮಿಷ ಪೈಪ್ ಹಿಡಿದರೆ 200 ಲೀಟರ್ ಚರಂಡಿಗೆ. ಈಗ ಬೇಕಾಗುವುದು 12 ಲೀಟರ್. ಆರ್‌ಒ ಯಂತ್ರ ಬೇರ್ಪಡಿಸಿ ಹೊರಹಾಕುವ ನೀರನ್ನು ಸೇರಿಸಿದರೂ ಮೊದಲಿನ ಲೆಕ್ಕದ ಹತ್ತಿರಕ್ಕೂ ಹೋಗುವುದಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವ ಜಿಲ್ಲೆಯಲ್ಲಿ, 200 ಲೀಟರ್ ಉಳಿಸುವುದು ನನಗೆ ಹೊಳಪಿಗಿಂತ ದೊಡ್ಡ ಸಮಾಧಾನ.

ಈಗ ನನ್ನ ಭಾನುವಾರ ಹೀಗಿರುತ್ತದೆ. ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಕ್ಯಾನಿನಿಂದ 8 ಲೀಟರ್ ಬಕೆಟ್ಟಿಗೆ, 4 ಲೀಟರ್ ಸ್ಪ್ರೇಯರಿಗೆ. ಎರಡರಲ್ಲೂ ಅದೇ ದ್ರವ ಅದೇ ಪ್ರಮಾಣದಲ್ಲಿ. ಮೂವತ್ತು ಸಲ ಪಂಪ್ ಒತ್ತಿದರೆ ಸ್ಪ್ರೇಯರ್ ಬಿಗಿಯುತ್ತದೆ, ಆಮೇಲೆ ಹೆಬ್ಬೆರಳು ಒತ್ತಿದರೆ ಸಾಕು, ನಸುಕಿನಲ್ಲಿ ಚಾವಣಿಯ ಮೇಲೆ ಮಂಜು ಬಿದ್ದ ಹಾಗೆ ಇಳಿಯುತ್ತದೆ. ಎರಡು ಮೂರು ನಿಮಿಷ ಸುಮ್ಮನೆ ನಿಂತು ನೋಡುತ್ತೇನೆ. ಧೂಳು ನೆನೆದು ಸಣ್ಣ ಕೆಂಪು ಗೆರೆಗಳಾಗಿ ಬಾಗಿಲ ಮೇಲೆ ಜಾರುತ್ತದೆ. ಈ ನೆನೆಸುವ ಹೊತ್ತನ್ನು ಯಾರೂ ಬಿಡಬಾರದು. ನಮ್ಮ ಕಡೆಯ ಧೂಳು ಗ್ರಾನೈಟಿನ ಜಾತಿಯ ಕಲ್ಲಿನದು, ಅದರಲ್ಲಿರುವ ಬೆಣಚು ಕ್ಲಿಯರ್ ಕೋಟಿಗಿಂತ ಎಷ್ಟೋ ಪಾಲು ಗಟ್ಟಿ. ಒಣ ಬಟ್ಟೆಯಿಂದ ಅದನ್ನು ಉಜ್ಜಿದರೆ ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಗೀರುಗಳು ಬೀಳುತ್ತವೆ. ಬೆಳಿಗ್ಗೆ ಕಚೇರಿಗೆ ಹೊರಡುವ ಅವಸರದಲ್ಲಿ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವ ಅಭ್ಯಾಸ ಇರುವವರು ಅದೊಂದನ್ನು ಬಿಟ್ಟರೂ ಸಾಕು, ಯಾವ ಸಾಮಾನೂ ಕೊಳ್ಳದೆ ಕಾರು ಉಳಿಯುತ್ತದೆ.

ಬಕೆಟ್ಟಿನಲ್ಲಿ ಎಂಟು ಮೈಕ್ರೋಫೈಬರ್ ಬಟ್ಟೆಗಳು ನೆನೆದಿರುತ್ತವೆ. ಒಂದನ್ನು ಎತ್ತಿ, ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ ಎಂಟು ಮುಖಗಳು ಸಿಗುತ್ತವೆ. ಬಾನೆಟ್ಟಿನ ಅರ್ಧಕ್ಕೆ ಒಂದು ಮುಖ, ಇನ್ನರ್ಧಕ್ಕೆ ಮತ್ತೊಂದು. ನೇರ ಗೆರೆಯಲ್ಲಿ, ಒತ್ತದೆ, ಬಟ್ಟೆಯ ಭಾರದಿಂದಷ್ಟೇ ಎಳೆಯುವುದು. ಕೊಳೆಯಾದ ಬಟ್ಟೆ ಮರಳಿ ಬಕೆಟ್ಟಿಗೆ ಹೋಗುವುದಿಲ್ಲ, ಪಕ್ಕದ ಬುಟ್ಟಿಗೆ ಹೋಗುತ್ತದೆ. ಹಾಗಾಗಿ ಕೊನೆಯವರೆಗೂ ಬಕೆಟ್ಟಿನ ನೀರು ತಿಳಿಯಾಗಿಯೇ ಇರುತ್ತದೆ. ಎರಡು ಬಕೆಟ್, ಗ್ರಿಟ್ ಗಾರ್ಡ್ ಎಲ್ಲ ಇದರಿಂದ ಅನಗತ್ಯವಾದವು. ಚಕ್ರಗಳಿಗೆ ಬೇರೆಯೇ ಹಳೆಯ ಬಟ್ಟೆ, ಅದು ಮೈಗೆ ಎಂದೂ ತಾಗಬಾರದು.

ಒಣಗಿಸಲು 1,200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಪ್ಪದ ಒಂದು ಟವೆಲ್. ನನ್ನ ಖರೀದಿಗಳಲ್ಲೆಲ್ಲ ಕೊಟ್ಟ ಹಣಕ್ಕೆ ಅತ್ಯಂತ ಹೆಚ್ಚು ಮರಳಿಸಿದ್ದು ಇದೇ, 700 ರೂಪಾಯಿ. ಬಾನೆಟ್ಟಿನ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಿಧಾನವಾಗಿ ನನ್ನ ಕಡೆಗೆ ಎಳೆದರೆ ಹಿಂದೆ ಒಂದು ಹನಿಯೂ ಉಳಿಯುವುದಿಲ್ಲ. ಆರು ತಿಂಗಳ ನಂತರ ಅದು ಹಪ್ಪಳದಂತೆ ಬಿರುಸಾಯಿತು, ಹಾಳಾಯಿತೆಂದುಕೊಂಡೆ. ಬೋರಿನ ನೀರಿನಲ್ಲಿ ಒಗೆದು ಒಗೆದು ಅದರ ಎಳೆಗಳಲ್ಲೂ ಅದೇ ಸುಣ್ಣ ಕಟ್ಟಿತ್ತು. ಅರ್ಧ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಒಂದು ಗಂಟೆ ನೆನೆಸಿ ಜಾಲಿಸಿದ ಮೇಲೆ ಮತ್ತೆ ಮೊದಲಿನ ಮೆದುತನ ಬಂತು. ಈಗ ಎರಡು ತಿಂಗಳಿಗೊಮ್ಮೆ ಹೀಗೆ ಮಾಡುತ್ತೇನೆ. ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಹಾಕಬೇಡಿ, ಎಳೆಗಳ ಮೇಲೆ ಪೊರೆ ಕಟ್ಟಿ ನೀರು ಹೀರುವುದು ನಿಲ್ಲುತ್ತದೆ. ಹತ್ತಿ ಬಟ್ಟೆಗಳ ಜೊತೆಗೂ ಒಗೆಯಬೇಡಿ, ಅವುಗಳ ನೂಲೆಲ್ಲ ಇದಕ್ಕೆ ಅಂಟಿಕೊಳ್ಳುತ್ತದೆ.

ಇಲ್ಲಿ ಆ ಸೆರಾಮಿಕ್ ಸ್ಪ್ರೇಯ ವಿಷಯಕ್ಕೆ ಮರಳಿ ಬರಬೇಕು. ಆರ್‌ಒ ನೀರಿಗೆ ಬದಲಾದ ಮೇಲೆ, ಬಾಟಲಿಯಲ್ಲಿ ಉಳಿದಿದ್ದದ್ದನ್ನು ಎಸೆಯಲು ಮನಸ್ಸಾಗದೆ ಮತ್ತೊಮ್ಮೆ ಹಚ್ಚಿದೆ. ಒಂದು ಉಂಗುರವೂ ಕಟ್ಟಲಿಲ್ಲ. ಧೂಳು ಮೊದಲಿಗಿಂತ ಸುಲಭವಾಗಿ ಬಿಡುತ್ತಿತ್ತು, ಟವೆಲ್ ಇನ್ನಷ್ಟು ಹಗುರವಾಗಿ ಜಾರುತ್ತಿತ್ತು. ಒಂದು ವರ್ಷ ಅದರ ಮೇಲೆ ಹೊರಿಸಿದ್ದ ಅಪವಾದದಲ್ಲಿ ದೊಡ್ಡ ಪಾಲು ನೀರಿನದಾಗಿತ್ತೆಂದು ಒಪ್ಪಿಕೊಳ್ಳುವುದು ನ್ಯಾಯ. ಆದರೂ ಎರಡು ದೂರುಗಳು ಉಳಿದಿವೆ: ಆರು ತಿಂಗಳು ಬಾಳುತ್ತದೆಂಬ ಮಾತು ನನ್ನ ಬಿಸಿಲಿನಲ್ಲಿ ಎರಡೂವರೆ ತಿಂಗಳಿಗೇ ಮುಗಿಯುತ್ತದೆ, ಗಡಸು ನೀರಿನ ಬಗ್ಗೆ ಬಾಟಲಿಯ ಮೇಲೆ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ.

ಈ ವಿಧಾನಕ್ಕೆ ಮಿತಿಯಿದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹಳ್ಳಿಯ ದಾರಿಯಿಂದ ಕೆಸರು ಮೆತ್ತಿಕೊಂಡು ಬಂದಾಗ ರಿನ್ಸ್‌ಲೆಸ್ ದ್ರವವನ್ನು ನಂಬಿ ಬಟ್ಟೆ ಹಾಕಬಾರದು. ಆಗ ಬೋರಿನ ನೀರಿನಿಂದಲೇ ಕೆಸರು ಇಳಿಸಿ, ಆ ನೀರು ಒಣಗಲು ಬಿಡದೆ, ಹಸಿಯಿರುವಾಗಲೇ ಸ್ಪ್ರೇಯರ್ ಹಿಡಿಯುತ್ತೇನೆ. ಶ್ರೀನಿವಾಸಪುರದ ಕಡೆಯ ನೆಂಟರ ಮಾವಿನ ತೋಟದಲ್ಲಿ ಹೂ ಬಿಡುವ ಕಾಲಕ್ಕೆ ಒಂದು ರಾತ್ರಿ ನಿಲ್ಲಿಸಿದ್ದಾಗ, ಜಿಗಿಹುಳು ಉದುರಿಸುವ ಅಂಟು ಇಡೀ ಕಾರಿನ ಮೇಲೆ ಬೆಲ್ಲದ ಪಾಕದಂತೆ ಹರಡಿತ್ತು. ಅದು ಸಕ್ಕರೆಯ ಅಂಶವಾದ್ದರಿಂದ ನೀರಿಗೇ ಕರಗುತ್ತದೆ, ಉಜ್ಜುವ ಅಗತ್ಯವಿಲ್ಲ. ಎರಡು ಬಾರಿ ಸಿಂಪಡಿಸಿ ಐದೈದು ನಿಮಿಷ ಕಾದರೆ ಬಿಡುತ್ತದೆ. ಬಿಡಿಸಲೇಬೇಕು, ಇಲ್ಲವಾದರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಸ್ಪ್ರೇಯರಿನ ರಬ್ಬರ್ ವಾಷರ್ ಹದಿನಾಲ್ಕನೆಯ ತಿಂಗಳಿಗೆ ಸೋತಿತು, ಅದೇ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಹೊಸದು ಸಿಕ್ಕಿತು. ಇಂದು ಮೊದಲಿನಿಂದ ಆರಂಭಿಸುವುದಾದರೆ ನಾನು ಮೊದಲು ಟಿಡಿಎಸ್ ಮೀಟರ್, ನಂತರ ಸ್ಪ್ರೇಯರ್, ಟವೆಲ್, ಎಂಟು ಬಟ್ಟೆ ಮತ್ತು ಒಂದು ಬಾಟಲಿ ರಿನ್ಸ್‌ಲೆಸ್ ವಾಷ್ ಕೊಳ್ಳುತ್ತಿದ್ದೆ. ಫೋಮ್ ಗನ್, ಪ್ರೆಷರ್ ವಾಷರ್, ಟೈರಿನ ದ್ರವ ಯಾವುದನ್ನೂ ಕೊಳ್ಳುತ್ತಿರಲಿಲ್ಲ. ಕ್ಯಾನಿನಲ್ಲಿ ಉಳಿಯುವ 8 ಲೀಟರ್ ನೀರು ಈಗಲೂ ನಮ್ಮ ಅಡುಗೆಮನೆಗೇ ಹೋಗುತ್ತದೆ.