ಕೌಂಟಿ ತಂಡವೋ, ಒಂಟಿ ಸ್ಪರ್ಧೆಯೋ?

ಇಂಗ್ಲೆಂಡಿನ ಅಮೆಚೂರ್ ಗಾಲ್ಫ್‌ನಲ್ಲಿ 50 ತುಂಬಿದ ಮಹಿಳೆಯರು 'ಸೀನಿಯರ್'. ಬೇಸಿಗೆ ಬಂತೆಂದರೆ ಅವರ ಮುಂದೆ ಎರಡು ದಾರಿ: ಕೌಂಟಿ (ಅಲ್ಲಿನ ಜಿಲ್ಲೆ) ತಂಡದ ಪಂದ್ಯಗಳು, ಇಲ್ಲವೇ ಒಬ್ಬರೇ ಆಡುವ ಚಾಂಪಿಯನ್‌ಶಿಪ್.

ತಂಡದ ಆಟ ಸಾಮಾನ್ಯವಾಗಿ ಮ್ಯಾಚ್ ಪ್ಲೇ: ಒಂದೊಂದು ಹೋಲ್, ಅಂದರೆ ಚೆಂಡನ್ನು ಒಂದು ಕುಳಿಗೆ ಸೇರಿಸುವ ಹಂತ, ಯಾರು ಗೆದ್ದರು ಎಂಬುದೇ ಲೆಕ್ಕ. ಒಂದು ಹೋಲ್‌ನಲ್ಲಿ 9 ಹೊಡೆತ ಹೋದರೂ ಕಳೆದುಕೊಳ್ಳುವುದು ಆ ಒಂದು ಹೋಲ್ ಮಾತ್ರ. ಚೆಂಡು ಕುಳಿಯ ಅಂಚಿಗೆ ಬಂದು ನಿಂತರೆ ಎದುರಾಳಿ 'ಸಾಕು, ಎತ್ಕೊಳ್ಳಿ' ಎಂದು ಬಿಟ್ಟುಕೊಡಬಹುದು. ಫೋರ್ಸಮ್ಸ್ ಆದರೆ ಇನ್ನೂ ಮಜಾ. ಇಬ್ಬರಿಗೂ ಒಂದೇ ಚೆಂಡು, ಸರದಿಯಂತೆ ಹೊಡೆತ. ಜೊತೆಗಾತಿ ಮರಳುಗುಂಡಿಗೆ ಬೀಳಿಸಿದ್ದನ್ನು ನೀವೇ ಹೊರಗೆ ಹೊಡೆಯಬೇಕು, ಅದೂ ಮುಖ ಗಂಟಿಕ್ಕದೆ!

ಸ್ಟ್ರೋಕ್ ಪ್ಲೇಯಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸುವ ಆಟದಲ್ಲಿ, ಈ ದಾಕ್ಷಿಣ್ಯ ಇಲ್ಲ. ಅರ್ಧ ಅಡಿ ದೂರದ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆಯ ಹೊಡೆತ) ಕೂಡ ಹಾಕಲೇಬೇಕು. ಆ 9 ಕೊನೆಯವರೆಗೂ ಕಾರ್ಡಿನಲ್ಲಿ ಕೂತಿರುತ್ತದೆ. ಗಾಲ್ಫ್ ಆಡಳಿತ ಸಂಸ್ಥೆ ಆರ್ ಅಂಡ್ ಎ ನಡೆಸುವ, ಒಬ್ಬರೇ ಆಡುವ ಸೀನಿಯರ್ ಮಹಿಳಾ ಚಾಂಪಿಯನ್‌ಶಿಪ್ ಇದೇ ಬಗೆಯದು, ಒಟ್ಟು 54 ಹೋಲ್.

ಒಂದು ತೊಡಕಿದೆ. ತಂಡಕ್ಕೆ ನಿಮ್ಮನ್ನು ಆರಿಸಬೇಕು. ಒಂಟಿ ಸ್ಪರ್ಧೆಗೆ ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಅಂಕಿ) ಮಿತಿಯೊಳಗಿದ್ದರೆ ನೀವೇ ಹೆಸರು ಕೊಡಬಹುದು.

ಒಂದು ಕೆಟ್ಟ ಹೋಲ್‌ಗೆ ಇಡೀ ದಿನ ಕೊರಗುವವರಾ ನೀವು? ಹಾಗಾದರೆ ಆಯ್ಕೆಗಾರರ ಕಣ್ಣಿಗೆ ಬೀಳಲು ನೋಡಿ. ನನ್ನ ಮತವಂತೂ ತಂಡಕ್ಕೇ.